ವೈರು ಹಿಡಿದವರು

ಗ್ರೀನ್‌ವಿಲ್, ಮಿಸಿಸಿಪ್ಪಿ
೯ ಮಾರ್ಚ್ ೧೯೯೮

ಪ್ರಿಯ ವೆನಿತಾ,

ನಿನ್ನಪ್ಪನ ಕೋಟುಗಳನ್ನೆಲ್ಲ ಚರ್ಚಿನವರಿಗೆ ಕೊಟ್ಟೆ. ಕಂದು ಬಣ್ಣದ್ದೊಂದನ್ನು ಮಾತ್ರ ಇಟ್ಟುಕೊಂಡಿದ್ದೇನೆ. ಅದರ ತೋಳು ಹರಿದಿದೆ, ಕೊಟ್ಟರೂ ಯಾರೂ ಹಾಕಿಕೊಳ್ಳುತ್ತಿರಲಿಲ್ಲ.

ನನಗೆ ಒಂದು ಕಡೆ ಕೂರಲಿಕ್ಕೆ ಆಗುತ್ತಿಲ್ಲ. ಕೂತರೆ ಏಳಬೇಕು ಅನ್ನಿಸುತ್ತದೆ, ಎದ್ದ ಮೇಲೆ ಯಾಕೆ ಎದ್ದೆ ಅನ್ನುವುದು ಮರೆತುಹೋಗುತ್ತದೆ. ಸೋಫಾವನ್ನು ಕಿಟಕಿಯ ಹತ್ತಿರ ಎಳೆದೆ, ಮತ್ತೆ ಗೋಡೆಗೆ ತಳ್ಳಿದೆ. ಪಕ್ಕದ ಮನೆಯ ಒಡೆಸ್ಸಾ ಬೇಲಿಯಾಚೆಯಿಂದ, "ಅರ್ಲೀನ್, ನಿನ್ನ ಸೋಫಾ ಈ ತಿಂಗಳು ನನಗಿಂತ ಹೆಚ್ಚು ಊರು ಸುತ್ತಿದೆ ಕಣೇ" ಅಂದಳು. ನಗು ಬಂತು. ಬಂದದ್ದಕ್ಕೆ ಬೇಜಾರೂ ಆಯಿತು.

ಅಡುಗೆಮನೆಯ ಬಾಗಿಲ ಪಕ್ಕದ ದೊಡ್ಡ ಮೊಳೆ ಖಾಲಿ ಇದೆ. ಡೂಲಿ ತನ್ನ ಗಿಟಾರಿಗೆ ವೈರಿಲ್ಲದ ಯಂತ್ರ ಕೊಂಡು ನಿನ್ನಪ್ಪನನ್ನು ಕೆಲಸದಿಂದ ಮನೆಗೆ ಕಳಿಸಿದ ದಿನದಿಂದ, ಗಿಟಾರಿನಿಂದ ಸ್ಪೀಕರಿಗೆ ಹೋಗುವ ಆ ವೈರಿನ ಸುರುಳಿ ಅಲ್ಲೇ ತೂಗುತ್ತಿತ್ತು. ಅಂತ್ಯಕ್ರಿಯೆಯ ದಿನ ಪಾದ್ರಿಗಳು ಎಷ್ಟು ಚೆನ್ನಾಗಿ ಹೇಳಿದರು: ಕ್ಯಾಲ್ವರ್ಟ್ ಡೂಲಿ ಗಿಟಾರ್ ನುಡಿಸುತ್ತ ವೇದಿಕೆ ಇಳಿದು, ಜನರ ನಡುವೆ ನಡೆದು, ಬಾಗಿಲು ದಾಟಿ ಬೀದಿಗೆ ಬರುವುದನ್ನು ಜಗತ್ತೆಲ್ಲ ನೋಡಿದೆ, ಅವನ ಹಿಂದೆ ಉದ್ದನೆಯ ವೈರನ್ನು ಸಡಿಲಿಸುತ್ತ, ಯಾರ ಕಾಲಿಗೂ ಸಿಗದಂತೆ ಎತ್ತಿ ದಾಟಿಸುತ್ತ ಬರುತ್ತಿದ್ದ ಬ್ರದರ್ ಹೋಸಿಯಾ ಪಿಕೆಟ್‌ನನ್ನು ದೇವರು ನೋಡಿದ್ದಾನೆ ಅಂತ. ಆ ಮಾತಿಗೆ ನೀನು ಎದ್ದು ಹೊರಗೆ ಹೋದೆ.

ಆಮೇಲೆ ಮನೆಯಲ್ಲಿ ನಡೆದದ್ದನ್ನು ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ. ಇನ್ನಷ್ಟು ಜನ ಬರುತ್ತಾರೆ ಅಂತ ಮೊಳೆಯಿಂದ ವೈರು ತೆಗೆದಾಗ ಸುರುಳಿ ಬಿಚ್ಚಿಕೊಂಡಿತು. ಬಟ್ಟೆ ಒಣಹಾಕುವ ಹಗ್ಗದ ಹಾಗೆ ಅದನ್ನು ಅಂಗೈಯಿಂದ ಮೊಣಕೈಗೆ ಸುತ್ತಿಕೊಳ್ಳುತ್ತಿದ್ದೆ. ಚರ್ಚಿನ ಹೆಂಗಸರೆಲ್ಲ ಊಟದ ತಟ್ಟೆ ಹಿಡಿದು ಕೂತಿದ್ದರು. ನೀನು ಅವರೆದುರಿಗೇ, "ಹಾಗೆ ಸುತ್ತಿದರೆ ಒಳಗೆ ತುಂಡಾಗುತ್ತೆ. ಅಪ್ಪ ನೋಡಿದ್ರೆ ಆ ಕೈಗೆ ಹೊಡೀತಿದ್ದ. ಇಷ್ಟು ವರ್ಷ ಸಂಸಾರ ಮಾಡಿ ಇಷ್ಟೂ ಕಲೀಲಿಲ್ವಾ?" ಅಂದು ನನ್ನ ತೋಳಿನಿಂದ ಅದನ್ನು ಕಿತ್ತುಕೊಂಡು ಕಾರಿಗೆ ಹೋದೆ.

ಅವರು ಯಾವತ್ತೂ ನನಗೆ ಅದನ್ನು ಮುಟ್ಟಲಿಕ್ಕೆ ಬಿಟ್ಟವರಲ್ಲ, ವೆನಿತಾ. ಬಿಟ್ಟಿದ್ದರೆ ಕಲಿಯುತ್ತಿದ್ದೆ.

ಆರೋಗ್ಯ ನೋಡಿಕೋ. ಶಿಕಾಗೊದಲ್ಲಿ ಇನ್ನೂ ಹಿಮ ಇರಬೇಕು. ಬಸ್ಸು ಓಡಿಸುವಾಗ ಜಾಗ್ರತೆ.

ಅರ್ಲೀನ್

*

ಗ್ರೀನ್‌ವಿಲ್
೨೦ ಏಪ್ರಿಲ್ ೧೯೯೮

ಪ್ರಿಯ ವೆನಿತಾ,

ನಿನ್ನ ಉತ್ತರ ಬರಲಿಲ್ಲ. ಬರದಿದ್ದರೂ ಇದನ್ನು ಬರೆಯಲೇಬೇಕಾಗಿದೆ.

ಮೊನ್ನೆ ಫೋನ್ ಬಂತು.

"ಅರ್ಲೀನ್, ನಾನು ಡೂಲಿ."

"ಗೊತ್ತಾಯ್ತು. ನಿನಗಿಂತ ಮೊದಲು ನಿನ್ನ ಕೆಮ್ಮು ಬಂತು."

"ಮಣ್ಣಿಗೆ ಬರ್ಲಿಲ್ಲ ಅಂತ ನನ್ನ ಮೇಲೆ ಸಿಟ್ಟಾ?"

"ಹೂವು ಕಳಿಸಿದ್ಯಲ್ಲ. ಅಷ್ಟು ದೊಡ್ಡದು, ನಮ್ಮ ಬಾಗಿಲಲ್ಲಿ ಹಿಡಿಸ್ಲಿಲ್ಲ."

ಆಮೇಲೆ ಹೇಳಿದ: ಅಕ್ಟೋಬರಿನಲ್ಲಿ ಇಲ್ಲಿಗೇ ಬರುತ್ತಾನಂತೆ. ಅವನು ಮೊದಲು ನುಡಿಸಿದ ಹ್ಯಾಟೀಸ್ ಪ್ಲೇಸ್ ಹಾಲಿನಲ್ಲೇ ಕೊನೆಯ ಸಲ ನುಡಿಸುತ್ತಾನಂತೆ. ಮೊಣಕಾಲು ಹೋಗಿ ಲೋಹದ್ದು ಹಾಕಿಸಿಕೊಂಡಿದ್ದಾನಂತೆ, ಆದರೂ ನಡೆಯುತ್ತಾನಂತೆ, ಬೀದಿಯವರೆಗೆ. ಅದೂ ವೈರಿನಲ್ಲೇ.

"ನಿನ್ನ ಯಂತ್ರ ಏನಾಯ್ತು?" ಅಂತ ಕೇಳಿದೆ.

"ಅದಿದ್ರೆ ಎಲ್ಲಿಗೆ ಬೇಕಾದ್ರೂ ಹೋಗಬಹುದು ಕಣಮ್ಮ. ಅದಕ್ಕೇ ಎಲ್ಲಿಗೂ ಹೋಗಬೇಕು ಅನ್ಸಲ್ಲ. ಹೋಸಿಯಾನ ವೈರೇ ಬೇಕು ನಂಗೆ. ಹಿಂದೆ ಹಿಡಿಯೋಕೂ ಅವನ ಕಡೆಯವರೇ ಬೇಕು."

"ವೈರು ನನ್ನ ಹತ್ರ ಇಲ್ಲ. ಅವರ ಮಗಳ ಹತ್ರ ಇದೆ."

"ಹಾಗಾದ್ರೆ ಮಗಳನ್ನೇ ಕರಿ."

ಅದಕ್ಕೇ ಕರೆಯುತ್ತಿದ್ದೇನೆ. ನೀನು ಬಂದು ಅವನ ಹಿಂದೆ ನಡೆ. ನಿನಗೆ ಆ ಕೆಲಸ ಗೊತ್ತು, ಅವರೇ ಕಲಿಸಿದ್ದಾರೆ. ಬರದಿದ್ದರೆ ವೈರನ್ನಾದರೂ ಕಳಿಸು. ಇಲ್ಲವಾದರೆ ಯಾರೋ ಕೂಲಿಯವನ ಕೈಯಲ್ಲಿ ಅಂಗಡಿಯ ಹೊಸ ವೈರು ಇರುತ್ತದೆ. ಆ ವೈರು ಇನ್ನೊಂದು ಸಲ ಆ ಬಾಗಿಲು ದಾಟುವುದನ್ನು ನಾನು ನೋಡಬೇಕು. ನೋಡಿದ ಮೇಲೆ ಒಂದು ಕಡೆ ಕೂರಲಿಕ್ಕೆ ಆಗುತ್ತದೇನೋ.

ನಿನ್ನೆ ಸಂಜೆ ನದಿಯ ಏರಿಯ ಮೇಲೆ ಕತ್ತಲಾಗುವವರೆಗೆ ನಡೆದೆ. ಒಡೆಸ್ಸಾ ತನ್ನ ಮಗನನ್ನು ಕಾರಿನಲ್ಲಿ ಕಳಿಸಿ ಕರೆಸಿಕೊಂಡಳು.

ಅರ್ಲೀನ್

*

ಶಿಕಾಗೊ
೧೭ ಮೇ ೧೯೯೮

ಮಿಸ್ ಅರ್ಲೀನ್ ಅವರಿಗೆ,

ನಿಮ್ಮ ಎರಡು ಕಾಗದಗಳೂ ಬಂದಿವೆ.

ನಾನು ಬರುವುದಿಲ್ಲ. ಯಾಕೆ ಅಂತ ಒಂದೇ ಸಲ ಬರೆಯುತ್ತೇನೆ, ಮತ್ತೆ ಕೇಳಬೇಡಿ.

ಅಪ್ಪ ಇಲ್ಲಿ ಅಮ್ಮನ ಜೊತೆ ನಮ್ಮ ಮನೆಯಲ್ಲಿದ್ದ ಕಾಲದಲ್ಲಿ, ಊರೂರು ತಿರುಗಿ ಬಂದ ಮೇಲೆ, ಮೆಟ್ಟಿಲ ಮೇಲೆ ಕೂತು ವೈರನ್ನು ತೊಡೆಯ ಮೇಲೆ ಹಾಕಿಕೊಳ್ಳುತ್ತಿದ್ದ. ಒಳಗೆಲ್ಲೋ ತುಂಡಾಗಿದೆ ಅನ್ನಿಸಿದರೆ ನನ್ನನ್ನು ಕರೆಯುತ್ತಿದ್ದ. "ಬಗ್ಗಿಸು. ಬರ್ಲಿಲ್ವಾ? ಇನ್ನೊಂದು ಗೇಣು ಮುಂದೆ ಹೋಗು." ಸ್ಪೀಕರಿನಲ್ಲಿ ಚಟಪಟ ಅಂದ ಜಾಗವೇ ತುಂಡಾದ ಜಾಗ. ಎಲ್ಲರ ಮನೆಯ ಅಪ್ಪಂದಿರೂ ಮಕ್ಕಳ ಜೊತೆ ಇದನ್ನೇ ಆಡುತ್ತಾರೆ ಅಂದುಕೊಂಡಿದ್ದೆ. ನನ್ನ ಕೈ ಯಾವಾಗಲೂ ರಬ್ಬರಿನ ವಾಸನೆ ಹೊಡೆಯುತ್ತಿತ್ತು.

ನನಗೆ ಒಂಬತ್ತು ವರ್ಷವಾದಾಗ ಡೂಲಿ ಇಲ್ಲಿ ನುಡಿಸಿದ. ಅಮ್ಮ ನನ್ನನ್ನು ಕರೆದುಕೊಂಡು ಹೋದಳು. ಗುಂಪಿನಲ್ಲೂ ಅಪ್ಪನಿಗೆ ಕಾಣಲಿ ಅಂತ ಹಳದಿ ಫ್ರಾಕು ತೊಡಿಸಿದ್ದಳು. ಡೂಲಿ ವೇದಿಕೆ ಇಳಿದು ನಮ್ಮ ಪಕ್ಕದಲ್ಲೇ ಹಾದುಹೋದ. ಅವನ ಬೆವರು ನನ್ನ ಕೈ ಮೇಲೆ ಬಿತ್ತು. ಜನ ಹುಚ್ಚು ಹಿಡಿದವರ ಹಾಗೆ ಕೂಗುತ್ತಿದ್ದರು. ನಾನು ಅವನ ಮುಖ ನೋಡಲಿಲ್ಲ. ಹಿಂದೆ ಬರುವವನಿಗಾಗಿ ಕಾಯುತ್ತಿದ್ದೆ.

ಅಪ್ಪ ಬಂದ. ವೈರನ್ನು ನನ್ನ ತಲೆಯ ಮೇಲೆ ಎತ್ತಿ ಹಿಡಿದು "ತಲೆ ತಗ್ಗಿಸು ಪುಟ್ಟಾ" ಅಂದ. ಯಾರ ಮಗುವಿಗಾದರೂ ಹೇಳುವ ಹಾಗೆ. ನಾನು ತಗ್ಗಿಸಿದೆ. ತಲೆ ಎತ್ತುವ ಹೊತ್ತಿಗೆ ಅವನು ಬಾಗಿಲು ದಾಟಿದ್ದ. ಆಮೇಲೆ ಮನೆಗೆ ಬಂದು, "ಎಲ್ಲಿ ನಿಂತಿದ್ರಿ ನೀವು? ಕಾಣಲೇ ಇಲ್ಲವಲ್ಲ" ಅಂದ.

ಆ ವೈರನ್ನು ಯಾಕೆ ತೆಗೆದುಕೊಂಡು ಹೋದೆ ಅಂತ ನನಗೇ ಗೊತ್ತಿಲ್ಲ. ಆದರೆ ಅದನ್ನು ಹಿಡಿದು ಆ ಮನುಷ್ಯನ ಬೆನ್ನು ಹಿಂದೆ ನಾನು ನಡೆಯುವುದಿಲ್ಲ. ನಮ್ಮ ಮನೆಯಿಂದ ಒಬ್ಬರು ನಡೆದದ್ದು ಸಾಕು.

ವೆನಿತಾ ಪಿಕೆಟ್

*

ಗ್ರೀನ್‌ವಿಲ್
೨ ಜೂನ್ ೧೯೯೮

ಪ್ರಿಯ ವೆನಿತಾ,

ನಿನ್ನ ಕಾಗದ ಓದಿ ಮನೆಯೊಳಗೆ ಇರಲಿಕ್ಕಾಗಲಿಲ್ಲ. ಹೊರಗೆ ಹೋಗಿ ಸೊಪ್ಪಿನ ಮಡಿಯಲ್ಲಿ ಕಳೆ ಕೀಳುತ್ತ ಕೂತೆ. ಕಳೆಯ ಜೊತೆ ಸೊಪ್ಪೂ ಅರ್ಧ ಬಂತು.

ಆ ದಿನದ ಬಗ್ಗೆ ನಾನು ಏನೂ ಹೇಳಲಾರೆ. ಆಗ ನಾನು ಅವರ ಬದುಕಿನಲ್ಲಿ ಇರಲಿಲ್ಲ. ನನಗೆ ಆದದ್ದನ್ನು ಹೇಳುತ್ತೇನೆ. ಮದುವೆಯಾದ ವರ್ಷ ಮೆಂಫಿಸ್‌ನಲ್ಲಿ ಡೂಲಿಯನ್ನು ನೋಡಲು ಹೋದೆ. ಹೊಸ ಟೋಪಿ ಹಾಕಿಕೊಂಡು ನಡುದಾರಿಯ ಪಕ್ಕದ ಕುರ್ಚಿಯಲ್ಲೇ ಕೂತಿದ್ದೆ. ನಿನ್ನಪ್ಪ ವೈರು ಎತ್ತಿಕೊಂಡು ಬಂದು ನನಗೆ ಏನು ಹೇಳಿದರು ಗೊತ್ತಾ? "ಸ್ವಲ್ಪ ಟೋಪಿ ತೆಗೀರಿ ಅಮ್ಮಾ." ಕಟ್ಟಿಕೊಂಡ ಹೆಂಡತಿಗೆ!

ರಾತ್ರಿ ಜಗಳ ಮಾಡಿದೆ. ಅವರು ಮಂಚದ ತುದಿಯಲ್ಲಿ ಕೂತು, "ನಾನು ಡೂಲಿಯ ಹಿಮ್ಮಡಿ ಬಿಟ್ಟು ಏನೂ ನೋಡಲ್ಲ ಅರ್ಲೀನ್. ಅವನಿಗೆ ಹಿಂದೆ ಕಣ್ಣಿಲ್ಲ. ಅವನು ಹಿಂದಕ್ಕೆ ಹೆಜ್ಜೆ ಇಟ್ಟಾಗ ಕಾಲಡಿ ವೈರು ಇದ್ರೆ ಆ ಕಲ್ಲುನೆಲದ ಮೇಲೆ ಬೀಳ್ತಾನೆ" ಅಂದರು. ಅವರಿಗೆ ಆ ಹಿಮ್ಮಡಿಗಳು ಎಷ್ಟು ಗೊತ್ತಿದ್ದವು ಅಂದರೆ ಡೂಲಿ ಯಾವ ಬೂಟು ಹಾಕಿದ್ದಾನೆ ಅನ್ನುವುದರ ಮೇಲೆ ಅವತ್ತು ಯಾವ ಹಾಡು ಉದ್ದವಾಗುತ್ತದೆ ಅಂತ ಹೇಳುತ್ತಿದ್ದರು. ಅವನು ನುಡಿಸುವಾಗ ಅವನ ಮುಖ ಹೇಗಿರುತ್ತದೆ ಅಂತ ನಾನೇ ಅವರಿಗೆ ಹೇಳಬೇಕಾಯಿತು. ಅವರು ನೋಡಿಯೇ ಇರಲಿಲ್ಲ.

ಇದರಿಂದ ನಿನ್ನ ನೋವು ಹೋಗುವುದಿಲ್ಲ, ಗೊತ್ತು. ನಾನೂ ಆ ಟೋಪಿಯನ್ನು ಮತ್ತೆ ಹಾಕಲಿಲ್ಲ.

ಅರ್ಲೀನ್

*

ಶಿಕಾಗೊ
೨೩ ಜುಲೈ ೧೯೯೮

ಮಿಸ್ ಅರ್ಲೀನ್ ಅವರಿಗೆ,

ಈ ಪೆಟ್ಟಿಗೆಯಲ್ಲಿ ವೈರು ಇದೆ. ಬಿಚ್ಚಿ ಸರಿಯಾಗಿ ಸುತ್ತಬೇಕು ಅಂತ ಎಷ್ಟೋ ಸಲ ತೆಗೆದೆ, ಮತ್ತೆ ಹಾಗೇ ಇಟ್ಟೆ. ನೀವು ಸುತ್ತಿದ್ದು ಹೇಗಿತ್ತೋ ಹಾಗೇ ಇದೆ.

ಟೋಪಿಯ ವಿಷಯ ನನಗೆ ಗೊತ್ತಿರಲಿಲ್ಲ.

ನಾನು ಬರುವುದಿಲ್ಲ ಅಂದ ಮಾತು ಬದಲಾಗಿಲ್ಲ.

ವೆನಿತಾ

*

ಗ್ರೀನ್‌ವಿಲ್
೧೫ ಸೆಪ್ಟೆಂಬರ್ ೧೯೯೮

ಪ್ರಿಯ ವೆನಿತಾ,

ವೈರು ಬಂದದ್ದಕ್ಕೆ ಆಗಲೇ ಬರೆಯಬೇಕಿತ್ತು. ಪೆಟ್ಟಿಗೆಯನ್ನು ಮೂಲೆಯಿಂದ ಮೂಲೆಗೆ ಎತ್ತಿಡುತ್ತ ದಿನ ಕಳೆದೆ.

ನೀನು ಹೇಳಿದ್ದು ಸರಿಯೇ ಇತ್ತು. ಬಿಚ್ಚಿದರೆ ಹಂದಿಯ ಬಾಲದ ಹಾಗೆ ಮುರುಟಿಕೊಂಡಿತ್ತು. ಬಿಸಿಲಿನಲ್ಲಿ ಅಂಗಳದುದ್ದಕ್ಕೂ ಹಾಸಿ, ಮೆತ್ತಗಾದ ಮೇಲೆ ಕೈಯಿಂದ ನೀವಿ ನೀವಿ ನೇರ ಮಾಡಿದೆ. ಅವರು ಅಲ್ಲಲ್ಲಿ ಸುತ್ತಿದ ಕಪ್ಪು ಟೇಪು ಹಾಗೇ ಇದೆ. ಬಿಚ್ಚಲಿಕ್ಕೆ ಸುಲಭವಾಗಲಿ ಅಂತ ಟೇಪಿನ ತುದಿಯನ್ನು ಮಡಚುತ್ತಿದ್ದರಲ್ಲ, ಆ ಮಡಿಕೆಗಳೂ ಇವೆ.

ಡೂಲಿ ಬಂದಿದ್ದಾನೆ, ತನ್ನ ತಮ್ಮನ ಮನೆಯಲ್ಲಿದ್ದಾನೆ. ಕೂಲಿಯವನು ಬೇಡ, ನಾನೇ ಹಿಡಿಯುತ್ತೇನೆ ಅಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನಿನ್ನ ವಯಸ್ಸೆಷ್ಟು?"

"ನಿನಗಿಂತ ಕಡಿಮೆ. ನನ್ನ ಮೊಣಕಾಲು ನನ್ನದೇ."

ಹ್ಯಾಟೀಸ್ ಪ್ಲೇಸ್‌ನ ಖಾಲಿ ಹಾಲಿನಲ್ಲಿ ಮಧ್ಯಾಹ್ನ ಅಭ್ಯಾಸ ಮಾಡುತ್ತೇವೆ.

"ಬಿಗಿ ಹಿಡೀಬೇಡ ಅರ್ಲೀನ್! ನಾನೇನು ಕರುವಾ, ಹಗ್ಗ ಜಗ್ಗೋಕೆ?"

"ಕರು ಆಗಿದ್ರೆ ಹೇಳಿದ ಮಾತು ಕೇಳ್ತಿತ್ತು."

"ಮೇಲೆ ಏನು ನೋಡ್ತೀಯಾ? ಹಿಮ್ಮಡಿ ನೋಡು!"

"ಮೇಲೆ ನೋಡೋಕೆ ಏನಿದೆ ನಿನ್ನ ಹತ್ರ?"

ಬಾಗಿಲಲ್ಲಿ ಟಿಕೆಟ್ ನೋಡುವ ಟೈರೀ, ಹ್ಯಾಟಿಯ ಮೊಮ್ಮಗ, ನಗುತ್ತ ನಗುತ್ತ ಕುರ್ಚಿ ಹಿಡಿದುಕೊಳ್ಳುತ್ತಾನೆ. ಆದರೆ ಡೂಲಿ ಬೆರಳು ಇಟ್ಟ ಕೂಡಲೇ ನಗು ನಿಲ್ಲುತ್ತದೆ. ಮುದುಕ ನಿಜ, ಕೆಮ್ಮುತ್ತಾನೆ, ಬಯ್ಯುತ್ತಾನೆ. ಆದರೆ ಒಂದು ತಂತಿಯನ್ನು ಬೆರಳಿನಿಂದ ಮೇಲಕ್ಕೆ ತಳ್ಳಿ ಅಲ್ಲೇ ತಡೆದು ನಿಲ್ಲಿಸುತ್ತಾನಲ್ಲ, ಆಗ ನನ್ನ ಹಲ್ಲು ಕೂಡ ಜುಮ್ಮೆನ್ನುತ್ತದೆ.

ನನಗಿರುವ ಭಯ ಒಂದೇ. ಈಗ ವೈರಿನಲ್ಲಿ ಸದ್ದು ಸರಿಯಾಗಿ ಬರುತ್ತಿದೆ. ಆ ದಿನ ಎಲ್ಲರ ಮುಂದೆ ನಿಂತರೆ? ನಾನು ಸುತ್ತಿದ್ದರಿಂದಲೇ ನಿಂತರೆ? ಅವರ ಅಷ್ಟು ವರ್ಷದ ಕೆಲಸ ನನ್ನ ಮೊಣಕೈಯಲ್ಲಿ ಕೊನೆಯಾದ ಹಾಗೆ ಆಗುತ್ತದೆ. ಇದನ್ನು ಡೂಲಿಗೆ ಹೇಳಿಲ್ಲ.

ಅಕ್ಟೋಬರ್ ಹತ್ತು, ಶನಿವಾರ. ಡೂಲಿಗೆ ರಾತ್ರಿ ಆಗುವುದಿಲ್ಲ, ಅದಕ್ಕೇ ಬಿಸಿಲಿರುವಾಗಲೇ ಶುರು. ಟೈರೀಗೆ ನಿನ್ನ ಹೆಸರು ಕೊಟ್ಟಿದ್ದೇನೆ. ಕರೆಯುತ್ತಿಲ್ಲ. ಕೊಟ್ಟಿದ್ದೇನೆ ಅಷ್ಟೇ.

ಅರ್ಲೀನ್

*

ಗ್ರೀನ್‌ವಿಲ್
೧೨ ಅಕ್ಟೋಬರ್ ೧೯೯೮

ಪ್ರಿಯ ವೆನಿತಾ,

ಎಲ್ಲಿಂದ ಶುರು ಮಾಡಲಿ?

ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನಮ್ಮ ಊರಿನವರು ಮಕ್ಕಳನ್ನೂ ಎತ್ತಿಕೊಂಡು ಬಂದಿದ್ದರು. ಇಂಗ್ಲೆಂಡಿನಿಂದ ಬಂದ ಉದ್ದಗೂದಲ ಮುದುಕರು ಟಮಾಲಿ ಕಡುಬು ತಿನ್ನುತ್ತ, ಎಣ್ಣೆ ಕೈಯಲ್ಲೇ ಗೋಡೆ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಡೂಲಿ ಕೆಂಪು ಕೋಟು ಹಾಕಿದ್ದ. ಮೊದಲು ಸ್ಟೂಲಿನ ಮೇಲೆ ಕೂತೇ ನುಡಿಸಿದ. ಜನ ಮರ್ಯಾದೆಗೆ ಚಪ್ಪಾಳೆ ತಟ್ಟಿದರು. ಆಮೇಲೆ ಒಂದು ಸಲ ಸ್ಟೂಲನ್ನು ಕಾಲಿನಿಂದ ಹಿಂದಕ್ಕೆ ಒದ್ದು ಎದ್ದ ನೋಡು. ಅವನ ಗಿಟಾರು ಮೊದಲು ಗೊಣಗಿತು, ಆಮೇಲೆ ಬೇಡಿಕೊಂಡಿತು, ಆಮೇಲೆ ಬಯ್ಯತೊಡಗಿತು. ಒಡೆಸ್ಸಾ ಎದ್ದು ನಿಂತು, "ಹೇಳು ಡೂಲಿ, ಹೇಳು!" ಅಂತ ಚರ್ಚಿನಲ್ಲಿ ಕೂಗುವ ಹಾಗೆ ಕೂಗಿದಳು.

ಅವನು ಮೆಟ್ಟಿಲು ಇಳಿದ. ನಾನು ಹಿಂದೆ ನಡೆದೆ. "ತಲೆ ತಗ್ಗಿಸಿ" ಅನ್ನಬೇಕಿತ್ತು, ಬಾಯಿಂದ ಮಾತೇ ಹೊರಡಲಿಲ್ಲ. ಹಿಮ್ಮಡಿ ಮಾತ್ರ ನೋಡಿದೆ. ಬಾಗಿಲು ದಾಟಿದೆವು. ಬೀದಿಯಲ್ಲಿ ಹತ್ತಿ ತುಂಬಿದ ಲಾರಿಯೊಂದು ನಿಂತುಬಿಟ್ಟಿತು. ಡೂಲಿ ರಸ್ತೆಯ ನಡುಗೆರೆಯ ಮೇಲೆ ನಿಂತು ತಲೆ ಹಿಂದಕ್ಕೆ ಚೆಲ್ಲಿದ.

ಆಗ ಸದ್ದು ನಿಂತಿತು.

ನನ್ನ ಮೊಣಕೈ ತಣ್ಣಗಾಯಿತು. ಜನ ಇದೂ ಆಟವೇ ಅಂದುಕೊಂಡು ಉಸಿರು ಹಿಡಿದು ನಿಂತರು. ಆದರೆ ಡೂಲಿಯ ಬೆರಳು ನಿಲ್ಲಲಿಲ್ಲ, ವೆನಿತಾ. ಆಂಪ್ಲಿಫೈಯರ್ ಇಲ್ಲದ ಬರೀ ತಂತಿಯ ಸದ್ದು, ತಗಡಿನ ಮೇಲೆ ಗುಬ್ಬಿ ನಡೆದಂಥ ಸದ್ದು. ಅವನ ಬೆನ್ನಿಗೆ ಹತ್ತಿರವಿದ್ದ ನನಗೆ ಮಾತ್ರ ಅದು ಕೇಳುತ್ತಿತ್ತು. ನಿನ್ನಪ್ಪ ಅಷ್ಟು ವರ್ಷ ಕೇಳಿದ್ದು ಇದನ್ನೇ ಅಂತ ಆಗ ಅನ್ನಿಸಿತು. ಜಗತ್ತಿಗೆಲ್ಲ ಒಳಗಿನ ದೊಡ್ಡ ಸದ್ದು, ಅವರಿಗೆ ಈ ಸಣ್ಣದು.

ಸ್ವಲ್ಪ ಹೊತ್ತಿಗೆ ಒಳಗೆ ಯಾರೋ ಜೋಳ ಹುರಿದ ಹಾಗೆ ಚಟಪಟ ಅಂತು. ಮತ್ತೆ ನಿಂತಿತು. ಮತ್ತೆ ಚಟಪಟ. ಆಮೇಲೆ ಸದ್ದು ಬಂತು ನೋಡು, ಕಿಟಕಿಯ ಗಾಜೆಲ್ಲ ನಡುಗುವ ಹಾಗೆ! ಅವನು ಎಷ್ಟು ಹೊತ್ತು ನುಡಿಸಿದನೋ ನನಗೆ ತಿಳಿಯದು. ಲಾರಿಯವನು ಕೆಳಗಿಳಿದು ಟೋಪಿ ತೆಗೆದು ನಿಂತಿದ್ದ.

ಆಮೇಲೆ ಡೂಲಿಯನ್ನು ಕೇಳಿದೆ, ಸದ್ದು ಹೋದಾಗ ಯಾಕೆ ನಿಲ್ಲಿಸಲಿಲ್ಲ ಅಂತ. "ಹೋಸಿಯಾ ಇದ್ದಾಗಲೂ ಹೀಗೆ ಆಗ್ತಿತ್ತು. ಅವನು ಹುಡುಕ್ತಾನೆ ಅಂತ ನುಡಿಸ್ತಾನೇ ಇರ್ತಿದ್ದೆ" ಅಂದ.

"ಇವತ್ತು ಅವರಿರಲಿಲ್ಲವಲ್ಲ."

"ಅದು ನಂಗೆ ನೆನಪಾಗೋಷ್ಟರಲ್ಲಿ ಸದ್ದು ಬಂದಾಗಿತ್ತು" ಅಂದು ಮುಖ ಆ ಕಡೆ ತಿರುಗಿಸಿದ.

ಒಳಗೆ ಬಂದರೆ ಪಿಯಾನೊದ ಪಕ್ಕ ವೈರಿಗೆ ಕೂದಲು ಕಟ್ಟುವ ಕೆಂಪು ರಬ್ಬರು ಬಿಗಿದಿತ್ತು. ಟೈರೀ ಹೇಳಿದ, ಬಸ್ಸು ಓಡಿಸುವವರ ನೀಲಿ ಜಾಕೆಟ್ಟು ಹಾಕಿದ್ದ ಹೆಂಗಸೊಬ್ಬಳು ಬಂದು ಪಿಕೆಟ್ ಅಂತ ಹೆಸರು ಹೇಳಿದಳಂತೆ, ಈಗಷ್ಟೇ ಹೋದಳಂತೆ. ನಾನು ಬಸ್ ನಿಲ್ದಾಣದವರೆಗೆ ಓಡಿದೆ. ಈ ವಯಸ್ಸಿನಲ್ಲಿ, ಒಳ್ಳೆ ಬೂಟಿನಲ್ಲಿ. ಬಸ್ಸು ಹೊರಟಾಗಿತ್ತು.

ತುಂಡಾದದ್ದು ನಾನು ಸುತ್ತಿದ್ದರಿಂದಲೇ ಇರಬೇಕು. ಮತ್ತೆ ಸುತ್ತಲಿಕ್ಕೆ ಧೈರ್ಯ ಬರಲಿಲ್ಲ. ಟೈರೀ ರಾಶಿ ಮಾಡಿ ತಂದು ಹಾಕಿದ ವೈರು ಅಡುಗೆಮನೆಯ ನೆಲದ ಮೇಲೆ ಹಾಗೇ ಬಿದ್ದಿದೆ. ಅದನ್ನು ದಾಟಿಕೊಂಡು ಒಲೆಯ ಹತ್ತಿರ ಹೋಗುತ್ತೇನೆ, ದಾಟಿಕೊಂಡು ಬರುತ್ತೇನೆ.

ಒಂದೇ ಒಂದು ಕೇಳುತ್ತೇನೆ. ಡೂಲಿಯನ್ನು ನೋಡಿದೆಯಾ?

ಅರ್ಲೀನ್

*

ಶಿಕಾಗೊ
೨೫ ಅಕ್ಟೋಬರ್ ೧೯೯೮

ಮಿಸ್ ಅರ್ಲೀನ್,

ಇಲ್ಲ. ನೋಡಲಿಲ್ಲ.

ನಾನು ಬಂದದ್ದೇ ತಡವಾಗಿ. ಬಾಗಿಲ ಬಳಿ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡು ನಿಂತಿದ್ದೆ. ನೀವಿಬ್ಬರೂ ಹಾದುಹೋದಾಗಲೂ ತೆರೆಯಲಿಲ್ಲ. ಬೂಟಿನ ಸದ್ದು ಕೇಳಿತು, ಹಿಂದೆ ನಿಮ್ಮ ಸ್ಕರ್ಟಿನ ಸದ್ದು ಕೇಳಿತು. ಎಲ್ಲರೂ ಬೀದಿಗೆ ನುಗ್ಗಿದರು, ನಾನು ಒಳಗೇ ಉಳಿದೆ. ಹೊರಟುಬಿಡೋಣ ಅಂತ ಚೀಲ ಎತ್ತಿಕೊಂಡೆ. ಆಗ ಸದ್ದು ನಿಂತಿತು.

ಯೋಚನೆ ಮಾಡಿ ಹೋದದ್ದಲ್ಲ. ನೋಡುವಷ್ಟರಲ್ಲಿ ಆಂಪ್ಲಿಫೈಯರಿನ ಮುಂದೆ ಮೊಣಕಾಲೂರಿ ವೈರು ಬಗ್ಗಿಸುತ್ತಿದ್ದೆ. ಬರಲಿಲ್ಲ, ಇನ್ನೊಂದು ಗೇಣು. ಬರಲಿಲ್ಲ, ಇನ್ನೊಂದು. ಪಿಯಾನೊದ ಹತ್ತಿರ ಚಟಪಟ ಅಂತು. ಅದು ಅಪ್ಪ ಹಾಕಿದ ಟೇಪಿನ ಜಾಗ. ಮಡಚಿದ ತುದಿ ಹಿಡಿದು ಬಿಚ್ಚಿದೆ. ಅವನು ಯಾವತ್ತೋ ಬೆಸುಗೆ ಹಾಕಿದ್ದು ಒಳಗೆ ಬಿಟ್ಟುಕೊಂಡಿತ್ತು, ಹಸಿರುಗಟ್ಟಿತ್ತು. ನೀವು ಸುತ್ತಿದ್ದರಿಂದ ಆದದ್ದಲ್ಲ, ಮಿಸ್ ಅರ್ಲೀನ್. ಎಷ್ಟೋ ವರ್ಷದಿಂದ ಅದು ಹಾಗೇ ಇತ್ತು. ಚರ್ಚಿನ ಹೆಂಗಸರೆದುರು ನಾನು ಆಡಿದ ಮಾತನ್ನು ಅವರೆದುರೇ ವಾಪಸು ತೆಗೆದುಕೊಳ್ಳುತ್ತೇನೆ.

ಎರಡು ತುದಿಗಳನ್ನೂ ಬೆರಳಿನಿಂದ ಒತ್ತಿ ಹಿಡಿದರೆ ಸದ್ದು ಬರುತ್ತಿತ್ತು, ಬಿಟ್ಟರೆ ಹೋಗುತ್ತಿತ್ತು. ಹಾಗಾಗಿ ಹಿಡಿದೇ ನಿಂತೆ. ಹೊರಗೆ ಅವನು ನುಡಿಸುತ್ತಿದ್ದದ್ದು ನನ್ನ ಬೆರಳ ಸಂದಿಯಿಂದಲೇ ಹೋಗುತ್ತಿದೆ ಅನ್ನಿಸುತ್ತಿತ್ತು. ಕೈ ಸೋತಿತು, ಬಿಡಲಿಲ್ಲ. ಬಂದಿದ್ದ ಅಷ್ಟು ಜನರಲ್ಲಿ ಅವನಿಗೆ ಬೆನ್ನು ಹಾಕಿ ನಿಂತಿದ್ದವಳು ನಾನೊಬ್ಬಳೇ ಇರಬೇಕು. ಜನ ವಾಪಸು ಬರತೊಡಗಿದ ಮೇಲೆ ತಲೆಯಿಂದ ರಬ್ಬರು ಕಿತ್ತು ಬಿಗಿದೆ.

ಬಸ್ಸಿಗೆ ಹೊತ್ತಾಗಿತ್ತು ಅಂತ ಬರೆಯಬಹುದು. ಆಮೇಲೂ ಒಂದು ಬಸ್ಸಿತ್ತು. ನಿಮ್ಮ ಮುಖ ನೋಡಿದರೆ ಏನು ಹೇಳಬೇಕು ಅಂತ ತಿಳಿಯಲಿಲ್ಲ.

ವೈರು ನೆಲದ ಮೇಲೆ ಹಾಗೇ ಇರಲಿ. ಮುಂದಿನ ತಿಂಗಳು ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಬರುತ್ತೇನೆ. ಬೆಸುಗೆಯ ಸಾಮಾನು ತರುತ್ತೇನೆ. ಆಮೇಲೆ ನಿಮಗೆ ಸುತ್ತುವುದನ್ನು ಕಲಿಸುತ್ತೇನೆ. ಒಂದು ಸುತ್ತು ಒಳಗೆ, ಒಂದು ಸುತ್ತು ಹೊರಗೆ, ಅಷ್ಟೇ. ಅಪ್ಪ ಅದನ್ನು ದೊಡ್ಡ ವಿದ್ಯೆ ಮಾಡಿಕೊಂಡಿದ್ದ.

ಇನ್ನೊಂದು ವಿಷಯ ಇದೆ. ಬರೆಯುವುದು ಬೇಡ ಅಂದುಕೊಂಡಿದ್ದೆ.

ನಾನು ಹಾಗೆ ಹಿಡಿದು ನಿಂತಿದ್ದಾಗ ಯಾರದೋ ಮಗು ಬೀದಿಯ ಕಡೆಗೆ ಓಡಿಬಂತು. ವೈರಿಗೆ ತಗಲುತ್ತಿತ್ತು. ನನ್ನ ಕಣ್ಣು ಬೆರಳುಗಳ ಮೇಲೇ ಇತ್ತು. ಮೊಣಕೈಯಿಂದ ವೈರನ್ನು ಎತ್ತಿ, "ತಲೆ ತಗ್ಗಿಸು ಪುಟ್ಟಾ" ಅಂದೆ. ಮಗು ತಗ್ಗಿ ಹೋಯಿತು.

ಬಸ್ಸಿನಲ್ಲಿ ಮೆಂಫಿಸ್ ಬರುವವರೆಗೂ ನೆನಪು ಮಾಡಿಕೊಳ್ಳಲು ನೋಡಿದೆ. ಹುಡುಗನೋ ಹುಡುಗಿಯೋ, ಯಾವ ಬಣ್ಣದ ಬಟ್ಟೆ ಹಾಕಿತ್ತೋ, ಏನೂ ಗೊತ್ತಾಗಲಿಲ್ಲ.

ವೆನಿತಾ